ಪರಸ್ಥಳದಲ್ಲಿ ಹಬ್ಬದೂಟ

ಮನೆಯನ್ನು ಬಿಟ್ಟು ದೂರವಿರುವವನಿಗೆ ಊರಿನ ನೆನಪು ಮೊದಲು ಹುಟ್ಟುವುದು ನಾಲಗೆಯಲ್ಲಿ. ಪರದೇಶದಲ್ಲಿರುವ ಯೂರೋಪಿನವನು ಗೆಳೆಯರನ್ನು ಕೂಡಿಸಿ ತನ್ನೂರಿನ ದ್ರಾಕ್ಷಾಸವವನ್ನು ಹಂಚಿಕೊಳ್ಳುವನಂತೆ. ನಮಗೆ ಆ ಪಾನದ ಪರಿಚಯವಿಲ್ಲ, ಬೇಕೆಂಬ ಆಶೆಯೂ ಇಲ್ಲ. ಆದರೆ ಅದರ ಹಿಂದಿನ ಹಂಬಲವನ್ನು ಸಿಂಧನೂರಿನ ಬಂಗಾಳಿ ಕ್ಯಾಂಪುಗಳಲ್ಲಿ ಕಾಣಬಹುದು.

ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಈ ಜನರು 1970ರ ಆಸುಪಾಸಿನಲ್ಲಿ ಇಲ್ಲಿ ನೆಲಸಿದರು. ತುಂಗಭದ್ರೆಯ ಎಡದಂಡೆ ಕಾಲುವೆಯ ಸೀಮೆಯಿದು. ಬತ್ತಕ್ಕೆ ಕೊರತೆಯಿಲ್ಲ, ಆದುದರಿಂದ ಅನ್ನ ಮೀನುಗಳ ಊಟವೂ ತಪ್ಪಲಿಲ್ಲ. ನವರಾತ್ರಿಯಲ್ಲಿ ದುರ್ಗೆಯ ಮೂರ್ತಿಯನ್ನಿಟ್ಟು ಪೂಜಿಸಿ, ಅಕ್ಕಿಬೇಳೆಯ ಖಿಚಡಿಯನ್ನು ಪ್ರಸಾದವೆಂದು ಬಡಿಸುವರು. ವಿಜಯದಶಮಿಯಂದು ದೇವಿಯನ್ನು ನೀರಿಗೆ ಬಿಟ್ಟು, ಹಿರಿಯರ ಕಾಲು ಮುಟ್ಟಿ, ಸಿಹಿ ಹಂಚುವರು. ಅದೇ ದಿನ ನಮ್ಮವರು ಬನ್ನಿಯೆಲೆಯನ್ನು ಕೈಗಿತ್ತು, ಬಂಗಾರದಂತೆ ಇರೋಣವೆಂದು ಹೇಳಿ ಹಿರಿಯರಿಗೆ ಎರಗುವರು. ಎರಡರ ಭಾವವೂ ಒಂದೇ ಅಲ್ಲವೆ? ಆದರೂ ಅರ್ಧ ಶತಮಾನ ಕಳೆದಮೇಲೂ, ಮಕ್ಕಳು ಶಾಲೆಯಲ್ಲಿ ಕನ್ನಡ ಕಲಿತಮೇಲೂ, ಇವರನ್ನು ಬರಿಯ "ಕ್ಯಾಂಪಿನವರು" ಎಂದೇ ಎಣಿಸುವ ರೂಢಿಯು ನಮಗೆ ಸರಿದೋರದು.

ಮೂಡಣ ಸೀಮೆಯ ನುಡಿ ಈ ನೆಲಕ್ಕೆ ಹೊಸತೂ ಅಲ್ಲ. ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಮಸ್ಕಿಯಲ್ಲಿ 1915ರಲ್ಲಿ ಗೋಚರವಾದ ಬಂಡೆಯ ಶಾಸನವನ್ನು ವಾಚಕರು ಬಲ್ಲರು. ಅದರಲ್ಲಿ ಅಶೋಕನ ಹೆಸರೇ ಕೆತ್ತಿದೆ. ಮಗಧದ ಅರಸನು ಪ್ರಾಕೃತದಲ್ಲಿ ಮಾತನಾಡಿದ್ದಾನೆ. ಧರ್ಮದಲ್ಲಿ ನಡೆಯುವ ಅಲ್ಪನೂ ಉನ್ನತಿಯನ್ನು ಪಡೆಯಬಲ್ಲನು, ದೊಡ್ಡವರಿಗೆ ಮಾತ್ರ ಅದು ಮೀಸಲಲ್ಲ ಎಂಬುದೇ ಅದರ ತಾತ್ಪರ್ಯ.

ಸಿಂಧನೂರು ಮಸ್ಕಿಗಳ ಗೃಹಸ್ಥರು ಬರುವ ದಸರೆಯಲ್ಲಿ ಬನ್ನಿ ಹಿಡಿದು ಕ್ಯಾಂಪಿನ ದಾರಿಯಲ್ಲಿಯೂ ನಾಲ್ಕು ಹೆಜ್ಜೆ ಹಾಕಲಿ. ಅಲ್ಲಿ ಸಿಹಿಯು ಸಿದ್ಧವಾಗಿಯೇ ಇರುವುದು.