ಮಳೆ ನಿಂತ ಮೇಲಿನ ನಷ್ಟವನ್ನೂ ಬರೆದಿಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಬಂಧುಗಳೇ,

2021ರ ಜುಲೈ ಮಳೆಯಲ್ಲಿ ಕಳಚೆಯ ಗುಡ್ಡ ಕುಸಿದು ಅಡಿಕೆ ತೋಟಗಳನ್ನು ಮುಚ್ಚಿತು. ಅದೇ ಮಳೆಗೆ ಗುಳ್ಳಾಪುರದ ಸೇತುವೆ ಗಂಗಾವಳಿಯ ಪಾಲಾಯಿತು, ಅರಬೈಲು ಘಟ್ಟದಲ್ಲಿ ಹೆದ್ದಾರಿ ಬಂದಾಯಿತು. ಮನೆ, ತೋಟ, ಸೇತುವೆಯ ಹಾನಿ ಕಣ್ಣಿಗೆ ಕಾಣುತ್ತದೆ, ಸರ್ಕಾರದ ಪಟ್ಟಿಗೂ ಬರುತ್ತದೆ. ಸೇತುವೆ ಹೋದ ಊರಿನವರು ಡೇರಿಗೆ ಹಾಕಲಾಗದ ಹಾಲು, ಸುತ್ತುಹಾದಿಗೆ ತೆತ್ತ ಜೀಪಿನ ಬಾಡಿಗೆ, ಘಟ್ಟದ ಬದಿಯ ಚಹಾ ಅಂಗಡಿಯಲ್ಲಿ ನಿಂತುಹೋದ ವ್ಯಾಪಾರ ಮಾತ್ರ ಯಾವ ಪಟ್ಟಿಗೂ ಬರುವುದಿಲ್ಲ. ನನ್ನ ಮನವಿ ಈ ನಷ್ಟದ ಕುರಿತು.

2022–26ರ ಅವಧಿಗೆ ಕೇಂದ್ರ ನಿಗದಿಪಡಿಸಿದ ದರ ನೋಡಿ. ಶೇ. 33ಕ್ಕೆ ಕಡಿಮೆಯಿಲ್ಲದಷ್ಟು ಹಾಳಾದ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ 2 ಹೆಕ್ಟೇರಿನವರೆಗೆ ಮಾತ್ರ. ಭೂಕುಸಿತದಲ್ಲಿ ಜಮೀನೇ ಹೋದ ಸಣ್ಣ ರೈತರಿಗೆ ಹೆಕ್ಟೇರಿಗೆ 47,000. ಅಂದರೆ ಎಕರೆಗೆ ಸುಮಾರು ಹತ್ತೊಂಬತ್ತು ಸಾವಿರ. ಹೊಸದಾಗಿ ನೆಟ್ಟ ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷ ಬೇಕು. ಅಷ್ಟು ವರ್ಷ ತೋಟಿಗನ ಮನೆ ನಡೆಯುವುದು ಹೇಗೆ, ಸೊಸೈಟಿ ಸಾಲದ ಬಡ್ಡಿ ಕಟ್ಟುವವರು ಯಾರು ಎಂಬುದು ಈ ದರದೊಳಗಿಲ್ಲ. ನಮ್ಮಲ್ಲಿ ಇನ್ನೊಂದು ತೊಡಕೂ ಇದೆ. ಸೊಪ್ಪಿನ ಬೆಟ್ಟವಿಲ್ಲದೆ ಅಡಿಕೆ ತೋಟವಿಲ್ಲ. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದದ್ದು. ಬೆಟ್ಟ ಜರಿದರೆ ತೋಟಕ್ಕೆ ಸೊಪ್ಪು, ದರಕು ಇಲ್ಲವಾಗುತ್ತದೆ. ಆದರೆ ಬೆಟ್ಟ ಬೆಳೆಯೂ ಅಲ್ಲ, ಹಿಡುವಳಿಯೂ ಅಲ್ಲವಾದ್ದರಿಂದ ಆ ನಷ್ಟಕ್ಕೆ ಕಾಲಮ್ಮೇ ಇಲ್ಲ.

ಹಾಗೆಂದು ಇದನ್ನು ಲೆಕ್ಕ ಹಾಕಲು ಬಾರದು ಎನ್ನುವಂತಿಲ್ಲ. 2018ರ ಪ್ರವಾಹದ ನಂತರ ಕೇರಳದಲ್ಲಿ ಹಾನಿಯನ್ನೂ, ಆಮೇಲೆ ನಿಂತುಹೋದ ಆದಾಯವನ್ನೂ ಬೇರೆಬೇರೆಯಾಗಿ ಅಂದಾಜಿಸಿ, ಚೇತರಿಕೆಗೆ ಸುಮಾರು 31,000 ಕೋಟಿ ಬೇಕೆಂದು ಕಂಡುಕೊಂಡರು. ನಮ್ಮ 15ನೇ ಹಣಕಾಸು ಆಯೋಗವೂ ವಿಪತ್ತು ನಿಧಿಯಲ್ಲಿ ಶೇ. 30ನ್ನು ಪುನಶ್ಚೇತನ, ಪುನರ್ನಿರ್ಮಾಣಕ್ಕೆಂದೇ ವಿಂಗಡಿಸಿತ್ತು. ಅಂಥ ಹಣ ಕೇಳಲು ಕೈಯಲ್ಲಿ ಲೆಕ್ಕ ಬೇಕು.

ಈ ಲೆಕ್ಕಕ್ಕೆ ಬೇಕಾದ ಕಾಗದ ಘಟ್ಟದ ಮೇಲಿನ ನಮ್ಮಲ್ಲಿ ಇದ್ದಷ್ಟು ಬೇರೆಡೆ ಇರಲಾರದು. 1923ರಿಂದ ನಡೆದುಬಂದ, ಅಡಿಕೆ ಬೆಳೆಗಾರರ ಮಾರಾಟ ಸಹಕಾರಿ ಸಂಘವಾದ ಶಿರಸಿಯ ಟಿಎಸ್‌ಎಸ್ ಇದೆ, ಊರೂರಿಗೆ ಸೇವಾ ಸಹಕಾರಿ ಸಂಘ, ಹಾಲಿನ ಸಂಘ ಇವೆ. ಹಿಂದಿನ ಮೂರು ವರ್ಷ ಎಷ್ಟು ಕ್ವಿಂಟಲ್ ಚಾಲಿ, ಎಷ್ಟು ಕೆಂಪಡಿಕೆ, ಎಷ್ಟು ಕಾಳುಮೆಣಸು ಕೊಟ್ಟಿದ್ದಿರಿ ಎಂಬುದು ಅವುಗಳ ಪುಸ್ತಕದಲ್ಲಿದೆ. ವಿಪತ್ತಿನ ವರ್ಷದ ಲೆಕ್ಕವನ್ನು ಅದರ ಪಕ್ಕದಲ್ಲಿಟ್ಟರೆ ಕೊರತೆ ತಾನಾಗಿ ಕಾಣುತ್ತದೆ. ಆಡಳಿತ ಮಂಡಳಿಗಳವರೇ, ಸದಸ್ಯರ ಒಪ್ಪಿಗೆ ಪಡೆದು ಈ ಅಂಕಿಗಳನ್ನು ಊರುವಾರು ತೆಗೆದುಕೊಡಿ. ಒಂದೇ ನಷ್ಟವನ್ನು ಎರಡು ಸಲ ಬರೆಯದಂತೆ ಮಾತ್ರ ಎಚ್ಚರ ಬೇಕು: ಫಸಲೇ ಇಲ್ಲವಾದಾಗ ಯಜಮಾನನಿಗೆ ಕೊಯ್ಲಿನ ಕೂಲಿ ಉಳಿದಿರುತ್ತದೆ, ಅದನ್ನು ಅವನ ನಷ್ಟದಿಂದ ಕಳೆದು, ಕೂಲಿಯವರ ಹೆಸರಿನಲ್ಲಿ ಬರೆಯಬೇಕು.

ಏಕೆಂದರೆ ಕೊಳೆರೋಗ ಬಂದು ಅಡಿಕೆ ಉದುರಿದ ವರ್ಷ ಕೊನೆಗೌಡರಿಗೆ ಕೊಯ್ಲಿಲ್ಲ, ಸುಲಿಯುವ ಹೆಂಗಸರಿಗೆ ಕೆಲಸವಿಲ್ಲ. ಅವರಿಗೆ ಪಹಣಿಯಿಲ್ಲ, ಬೆಳೆ ವಿಮೆಯಿಲ್ಲ. ಅರಣ್ಯ ಅತಿಕ್ರಮಣದ ಜಾಗದಲ್ಲಿ ಸಾಗುವಳಿ ಮಾಡುವವರದೂ ಇದೇ ಪಾಡು. ಬೆಂಗಳೂರಿನಲ್ಲಿ, ಹೊರದೇಶದಲ್ಲಿ ಇರುವ ನಮ್ಮ ಮಕ್ಕಳು ವಿಪತ್ತು ಬಂದಾಗ ಕೈಬಿಚ್ಚಿ ಕಳಿಸುತ್ತಾರೆ. ಮೊದಲ ವಾರ ಅಕ್ಕಿ, ಕಂಬಳಿ ರಾಶಿ ಬೀಳುತ್ತದೆ. ಕಳಿಸುವುದರಲ್ಲಿ ಅರ್ಧವನ್ನಾದರೂ ಹಣವಾಗಿಯೇ ಇಟ್ಟು, ಕೊಯ್ಲಿನ ತಿಂಗಳುಗಳಲ್ಲಿ ಪಹಣಿಯಿಲ್ಲದ ಈ ಮನೆಗಳಿಗೆ ತಲುಪಿಸಿ ಎಂದು ಕೈಮುಗಿದು ಕೇಳುತ್ತೇನೆ.

ಮನೆಗೊಂದು ನೋಟ್‌ಬುಕ್ ಇಡಿ. ಹಾಲು ಹಾಕದ ದಿನ, ಕೂಲಿ ತಪ್ಪಿದ ದಿನ, ಹೆಚ್ಚಾದ ಬಾಡಿಗೆ, ಹೊಸ ಸಾಲ ಎಲ್ಲವನ್ನೂ ತಾರೀಕು ಸಹಿತ ಬರೆಯಿರಿ. ಮುಂದಿನ ಗ್ರಾಮಸಭೆಗೆ ಅದನ್ನು ಒಯ್ದು, ಓದಿಸಿ. ನಡಾವಳಿಯಲ್ಲಿ ಅದು ದಾಖಲಾಗುವವರೆಗೆ ಎದ್ದು ಬರಬೇಡಿ.