ಕೀಲೆಣ್ಣೆ ಮರೆತ ವಾಹನ

ಎತ್ತಿನ ಬಂಡಿಯೇ ಹಳ್ಳಿಗಾಡಿನ ಮುಖ್ಯ ವಾಹನವಾಗಿದ್ದ ಕಾಲದಲ್ಲಿ ದೂರದ ಪಯಣಕ್ಕೆ ಹೊರಟ ರೈತನು, ಎತ್ತುಗಳಿಗೆ ಮೇವು ನೀರು ತೋರಿಸುವಷ್ಟೇ ಶ್ರದ್ಧೆಯಿಂದ ಗಾಲಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದನು. ಗಾಲಿಯು ಕಿರುಗುಟ್ಟಿದ ಮೇಲೆ ಎಣ್ಣೆಯನ್ನು ಹುಡುಕುವವನು ಜಾಣ ಬಂಡಿಕಾರನೆನಿಸುತ್ತಿರಲಿಲ್ಲ. ಇಂದು ಅದೇ ಮನೆಯಂಗಳದಲ್ಲಿ ಬಂಡಿಯ ಸ್ಥಾನವನ್ನು ಮೋಟಾರು ಸೈಕಲ್ಲು ಪಡೆದಿದೆ. ಅದರ ಮೈಯನ್ನು ಒರೆಸಿ ಹೊಳಪು ಕೊಡುವವರಿದ್ದಾರೆ. ಆಯುಧಪೂಜೆಯಂದು ಹೂವಿನ ಹಾರ ಹಾಕಿ ನಿಂಬೆಹಣ್ಣು ಇಡುವವರಿದ್ದಾರೆ. ಆದರೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಗಾಲಿಗೆ ಮುಟ್ಟಿಸುವ ಚೈನಿನ ಕಡೆಗೆ ಬಾಗಿ ನೋಡುವವರು ವಿರಳ. ಬಂಡಿಯೊಡನೆ ಕೀಲೆಣ್ಣೆಯ ಸಂಸ್ಕಾರವೂ ಮನೆಯಿಂದ ಹೊರಟುಹೋಯಿತೇ ಎಂಬ ಸಂದೇಹ ವಿಚಾರವಂತರನ್ನು ಕಾಡಿದರೆ ಆಶ್ಚರ್ಯವಿಲ್ಲ.

ಚೈನು ನೋಡಲು ಸಾಮಾನ್ಯವಾದ ವಸ್ತು. ಆದರೆ ಅದರ ರಚನೆಯು ಸೂಕ್ಷ್ಮವಾದುದು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಹ್ಯಾನ್ಸ್ ರೆನಾಲ್ಡ್ ಎಂಬ ಯಂತ್ರಶಿಲ್ಪಿಯು 1880ರಲ್ಲಿ ರೂಪಿಸಿದ ಮಾದರಿಯೇ ಇಂದಿಗೂ ಬಳಕೆಯಲ್ಲಿದೆ. ಪ್ರತಿಯೊಂದು ಕೀಲಿನೊಳಗೂ ಒಂದು ಪಿನ್ನು, ಅದನ್ನು ಸುತ್ತುವರಿದ ಒಂದು ಬುಷ್ಷು, ಅದರ ಮೇಲೆ ಸರಾಗವಾಗಿ ಉರುಳುವ ಒಂದು ರೋಲರು ಇರುತ್ತವೆ. ಚೈನು ಸ್ಪ್ರಾಕೆಟ್ಟಿನ ಹಲ್ಲುಗಳನ್ನು ಸುತ್ತಿ ಬರುವಾಗ ಪ್ರತಿ ಕೀಲೂ ಮಡಚಿಕೊಂಡು ಮತ್ತೆ ನೇರವಾಗುತ್ತದೆ. ಪಿನ್ನು ಮತ್ತು ಬುಷ್ಷುಗಳ ನಡುವೆ ಎಣ್ಣೆಯ ತೆಳುಪದರವೊಂದು ಇರುವವರೆಗೆ ಈ ಚಲನೆ ಸುಗಮ. ಆ ಪದರ ಒಣಗಿತೆಂದರೆ ಉಕ್ಕು ಉಕ್ಕನ್ನೇ ತಿನ್ನತೊಡಗುತ್ತದೆ.

‘ಚೈನು ಉದ್ದವಾಗಿದೆ’ ಎಂದು ಜನರು ಹೇಳುವುದುಂಟು. ಉಕ್ಕಿನ ಪಟ್ಟಿಗಳು ಜಗ್ಗಿ ಉದ್ದವಾದವೆಂಬುದು ಅವರ ಭಾವನೆ. ವಾಸ್ತವದಲ್ಲಿ ಉದ್ದವಾಗುವುದು ಪಟ್ಟಿಯಲ್ಲ, ಸವೆಯುವುದು ಕೀಲು. ಇದನ್ನು ಶಾಲೆಯ ಬಾಲಕನೂ ಲೆಕ್ಕ ಹಾಕಬಹುದು. ಕೀಲಿನಿಂದ ಕೀಲಿಗೆ 12.7 ಮಿಲಿಮೀಟರ್ ಅಂತರವಿರುವ 120 ಕೀಲುಗಳ ಒಂದು ಚೈನನ್ನು ತೆಗೆದುಕೊಳ್ಳೋಣವೆಂದರೆ ಅದರ ಒಟ್ಟು ಉದ್ದ 1524 ಮಿಲಿಮೀಟರ್. ಪ್ರತಿ ಕೀಲಿನಲ್ಲಿ ಒಂದು ಕಾಗದದ ಹಾಳೆಯ ದಪ್ಪದಷ್ಟು, ಎಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಸವಕಳಿಯಾದರೂ ಚೈನು 12 ಮಿಲಿಮೀಟರಿನಷ್ಟು, ಅಂದರೆ ಹೆಚ್ಚುಕಡಿಮೆ ಒಂದು ಕೀಲಿನಷ್ಟು ಉದ್ದವಾಗುತ್ತದೆ. ಹೀಗೆ ಉದ್ದವಾದ ಚೈನು ಸ್ಪ್ರಾಕೆಟ್ಟಿನ ಹಲ್ಲುಗಳ ನಡುವೆ ಸರಿಯಾಗಿ ಕೂರದೆ ಮೇಲೇರಿ, ಹಲ್ಲುಗಳನ್ನು ಕೊಕ್ಕೆಯಂತೆ ಬಾಗಿಸುತ್ತದೆ. ಆಗ ಚೈನನ್ನಷ್ಟೇ ಬದಲಿಸಿದರೆ ಪ್ರಯೋಜನವಿಲ್ಲ; ಹಳೆಯ ಹಲ್ಲುಗಳು ಹೊಸ ಚೈನನ್ನೂ ಬೇಗನೆ ಕೆಡಿಸುತ್ತವೆ. ಮೂರನ್ನೂ ಒಟ್ಟಿಗೆ ಕೊಳ್ಳಬೇಕಾದ ದಂಡವನ್ನು ತೆರುವವನು, ಕೆಲವು ಹನಿ ಎಣ್ಣೆಯನ್ನು ಉಳಿಸಿದವನೇ.

ಎಣ್ಣೆ ಹಾಕುವವರೆಲ್ಲರೂ ಸರಿಯಾಗಿಯೇ ಹಾಕುತ್ತಾರೆಂದು ಹೇಳಲಾಗದು. ಗಟ್ಟಿಯಾದ ಗ್ರೀಸನ್ನು ಚೈನಿನ ಮೇಲೆ ಬೆಣ್ಣೆಯಂತೆ ಮೆತ್ತುವುದು ಒಂದು ತಪ್ಪು ರೂಢಿ. ಆ ಗ್ರೀಸು ಕೀಲಿನ ಒಳಕ್ಕೆ ಇಳಿಯುವುದೇ ಇಲ್ಲ; ಹೊರಗೆ ನಿಂತು ದಾರಿಯ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಧೂಳು ಮತ್ತು ಗ್ರೀಸು ಬೆರೆತ ಆ ಕಪ್ಪು ಮುದ್ದೆಯು ಸಾಣೆಯ ಕೆಲಸವನ್ನು ಮಾಡುತ್ತದೆಯೇ ಹೊರತು ಎಣ್ಣೆಯ ಕೆಲಸವನ್ನಲ್ಲ. ಎಂಜಿನ್ನಿನಿಂದ ಇಳಿಸಿದ ಹಳೆಯ ಎಣ್ಣೆಯನ್ನೇ ಸುರಿಯುವುದು ಇನ್ನೊಂದು ರೂಢಿ. ಅದರಲ್ಲಿ ಮಸಿಯೂ ಲೋಹದ ಸಣ್ಣ ಕಣಗಳೂ ಸೇರಿರುತ್ತವೆ. ಮಿತವ್ಯಯದಂತೆ ಕಾಣುವ ಈ ಕ್ರಮಗಳು ನಿಜವಾಗಿ ದುಂದುಗಾರಿಕೆಯೇ ಸರಿ.

‘ಇದೆಲ್ಲ ಮೆಕ್ಯಾನಿಕನ ಕೆಲಸ, ಸರ್ವಿಸಿಗೆ ಬಿಟ್ಟಾಗ ಅವನು ನೋಡಿಕೊಳ್ಳುತ್ತಾನೆ’ ಎಂಬ ಸಮಾಧಾನವು ಎಲ್ಲೆಡೆಯೂ ಕೇಳಿಬರುತ್ತದೆ. ಈ ಮಾತನ್ನೂ ಲೆಕ್ಕದ ಒರೆಗಲ್ಲಿಗೆ ಹಚ್ಚುವುದು ಒಳಿತು. ತೆರೆದ ಚೈನಿಗೆ ಸುಮಾರು 500 ಕಿಲೋಮೀಟರಿಗೊಮ್ಮೆ ಎಣ್ಣೆ ಬೇಕು. ಮಳೆಯಲ್ಲಿ ನೆನೆದರೆ ಅದಕ್ಕೂ ಮೊದಲೇ ಬೇಕು. ಇಪ್ಪತ್ತು ಕಿಲೋಮೀಟರ್ ದೂರದ ಹಳ್ಳಿಯಿಂದ ಶಾಲೆಗೆ ಹೋಗಿಬರುವ ಅಧ್ಯಾಪಕರೊಬ್ಬರು ಹನ್ನೆರಡು ಹದಿಮೂರು ದಿನಗಳಲ್ಲಿಯೇ ಅಷ್ಟು ದೂರವನ್ನು ಕ್ರಮಿಸುತ್ತಾರೆ. ಸರ್ವಿಸಾದರೋ 3000 ಕಿಲೋಮೀಟರಿಗೊಮ್ಮೆ ಎಂದಿಟ್ಟುಕೊಂಡರೂ, ಆ ಅವಧಿಯಲ್ಲಿ ಚೈನು ಆರು ಸಲ ಎಣ್ಣೆಯನ್ನು ಬೇಡುತ್ತದೆ. ಮೆಕ್ಯಾನಿಕನು ಎಷ್ಟೇ ಪ್ರಾಮಾಣಿಕನಾದರೂ ಒಂದು ಸಲ ಮಾತ್ರ ಕೊಡಬಲ್ಲನು. ಉಳಿದ ಐದು ಸಲದ ಹೊಣೆ ಒಡೆಯನದೇ. ಅದನ್ನು ಬೇರೆಯವರಿಗೆ ವಹಿಸಲು ಬರುವುದಿಲ್ಲ.

ಈ ಹೊಣೆಯನ್ನು ತುಸು ಹಗುರಗೊಳಿಸುವ ಉಪಾಯವೂ ಹಿಂದೆ ಇತ್ತು. ಮೈಸೂರಿನಲ್ಲಿ 1961ರಿಂದ ತಯಾರಾಗತೊಡಗಿದ ಜಾವಾ ಮೋಟಾರು ಸೈಕಲ್ಲುಗಳ ಚೈನು ಪೂರ್ಣವಾಗಿ ಮುಚ್ಚಿದ ಕವಚದೊಳಗೆ ಓಡುತ್ತಿತ್ತು. ಧೂಳು, ಕೆಸರುಗಳು ಅದನ್ನು ಸುಲಭವಾಗಿ ಮುಟ್ಟುತ್ತಿರಲಿಲ್ಲ. ಹಿಂದೆ ಕುಳಿತವರ ಸೀರೆಯ ಸೆರಗಿಗೂ ಪಂಚೆಯ ಅಂಚಿಗೂ ಅದು ರಕ್ಷಣೆಯಾಗಿತ್ತು. ಆ ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಕವಚವಿರುವ ಸಾಧಾರಣ ವಾಹನಗಳು ಇಂದಿಗೂ ಇವೆಯಾದರೂ, ತರುಣರು ಮೆಚ್ಚುವ ವಾಹನಗಳಲ್ಲಿ ಚೈನು ಬೆತ್ತಲೆಯಾಗಿಯೇ ನಿಂತಿದೆ. ಅಂದಕ್ಕಾಗಿ ಕವಚವನ್ನು ಬಿಟ್ಟವರು, ಅದು ಮಾಡುತ್ತಿದ್ದ ಕಾವಲನ್ನು ತಾವೇ ಮಾಡಬೇಕೆಂಬುದನ್ನು ಮರೆಯಬಾರದು. ಕವಚವಿದ್ದವರೂ ನಿಶ್ಚಿಂತರಾಗಿರುವಂತಿಲ್ಲ. ಕಣ್ಣಿಗೆ ಕಾಣದ ಚೈನು ಮನಸ್ಸಿನಿಂದಲೂ ಮರೆಯಾಗುವುದು ಸುಲಭ. ಕವಚದ ಮೇಲಿರುವ ರಬ್ಬರಿನ ಬಿರಡೆಯು ಒಳಗೆ ನೋಡಲೆಂದೇ ಇರುವುದು.

ಸರಿಯಾದ ಕ್ರಮವು ಕಷ್ಟವಾದುದೇನಲ್ಲ. ವಾಹನವನ್ನು ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಚೈನಿನ ಕೊಳೆಯನ್ನು ಸೀಮೆಎಣ್ಣೆಯಲ್ಲಿ, ಅದು ಸಿಗದ ಕಡೆ ಡೀಸೆಲ್ಲಿನಲ್ಲಿ ಅದ್ದಿದ ಮೆತ್ತನೆಯ ಬ್ರಷ್ಷಿನಿಂದ ತೆಗೆದು, ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಅನಂತರ ಗಾಲಿಯನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ, ಕೆಳಗಿನ ಸಾಲಿನ ಒಳಮಗ್ಗುಲಿಗೆ 90ನೆಯ ನಂಬರಿನ ಗೇರ್ ಎಣ್ಣೆಯನ್ನು ಹನಿಹನಿಯಾಗಿ ಬಿಡಬೇಕು. ಚೈನು ತಿರುಗುವಾಗ ಒಳಗಿನ ಎಣ್ಣೆ ಹೊರಕ್ಕೆ ಹರಿಯುವುದರಿಂದ ಕೀಲಿಗೆ ಸೇರುತ್ತದೆ. ಹೊರಮಗ್ಗುಲಿಗೆ ಹಾಕಿದ್ದು ಸಿಡಿದುಹೋಗುತ್ತದೆ. ಸಂಜೆ ಮನೆಗೆ ಬಂದೊಡನೆ, ಚೈನು ಬೆಚ್ಚಗಿರುವಾಗ ಹಾಕಿದರೆ ರಾತ್ರಿಯೆಲ್ಲ ಎಣ್ಣೆ ಒಳಕ್ಕಿಳಿಯಲು ಅವಕಾಶವಿರುತ್ತದೆ. ಬೆಳಗ್ಗೆ ಹೆಚ್ಚಾದುದನ್ನು ಒರೆಸಿಬಿಡಬೇಕು. ಚೈನಿನ ಸಡಿಲವನ್ನೂ ಆಗಲೇ ನೋಡುವುದು ಯುಕ್ತ. ಸಾಧಾರಣ ವಾಹನಗಳಲ್ಲಿ ಅದು 20ರಿಂದ 30 ಮಿಲಿಮೀಟರಿನಷ್ಟಿದ್ದರೆ ಸಾಕಾದರೂ, ಆಯಾ ವಾಹನದ ಕೈಪಿಡಿಯ ಮಾತೇ ಪ್ರಮಾಣ. ರಬ್ಬರಿನ ಉಂಗುರಗಳಿಂದ ಕೀಲುಗಳನ್ನು ಮುಚ್ಚಿರುವ ಚೈನುಗಳಲ್ಲಿ ಒಳಗಿನ ಗ್ರೀಸನ್ನು ಕಾರ್ಖಾನೆಯಲ್ಲಿಯೇ ತುಂಬಿರುತ್ತಾರೆ. ಅಂಥವನ್ನು ಪೆಟ್ರೋಲಿನಲ್ಲಿ ತೊಳೆಯುವುದಾಗಲಿ ತಂತಿಯ ಬ್ರಷ್ಷಿನಿಂದ ಉಜ್ಜುವುದಾಗಲಿ ಸಲ್ಲದು. ಆದರೆ ರೋಲರುಗಳಿಗಾಗಿಯೂ ತುಕ್ಕು ಹಿಡಿಯದಿರಲೆಂದೂ ಅವುಗಳಿಗೆ ಹೊರಗಿನ ಎಣ್ಣೆ ಬೇಕೇ ಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಎಂಜಿನ್ನನ್ನು ಚಾಲೂ ಮಾಡಿ, ಗೇರು ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿದು ಒರೆಸುವ ಪದ್ಧತಿಯೊಂದಿದೆ. ಬಟ್ಟೆಯ ಎಳೆಯೊಂದು ಚೈನಿಗೆ ಸಿಕ್ಕಿದರೆ ಬೆರಳುಗಳು ಹಲ್ಲುಗಳ ನಡುವೆ ಸೆಳೆಯಲ್ಪಟ್ಟು ತುಂಡಾಗಲು ಕ್ಷಣಮಾತ್ರ ಸಾಕು. ಕೆಲವು ನಿಮಿಷಗಳ ಉಳಿತಾಯಕ್ಕಾಗಿ ಜೀವಮಾನದ ಕೈಯನ್ನು ಪಣವಿಡುವುದು ಯಾವ ಜಾಣತನ? ಸಹಾಯಕ್ಕೆಂದು ಮಕ್ಕಳನ್ನು ಹತ್ತಿರ ಕೂರಿಸಿಕೊಂಡಾಗಲಂತೂ ಎಂಜಿನ್ನಿನ ಕೀಲಿಕೈ ತಂದೆಯ ಜೇಬಿನಲ್ಲಿಯೇ ಇರಬೇಕು.

ಇದು ಬರಿಯ ಹಣದ ಪ್ರಶ್ನೆಯಲ್ಲ. ಸವೆದು ಸಡಿಲವಾದ ಚೈನು ಓಟದ ನಡುವೆ ಕಳಚಿ ಹಿಂದಿನ ಗಾಲಿಗೆ ಸುತ್ತಿಕೊಂಡರೆ ಗಾಲಿಯು ಒಮ್ಮೆಲೇ ಹಿಡಿದು ನಿಲ್ಲುತ್ತದೆ. ಆಗ ಬೀಳುವವನು ಚೈನನ್ನು ಮರೆತವನೊಬ್ಬನೇ ಅಲ್ಲ. ಅವನ ಬೆನ್ನ ಹಿಂದೆ ಕುಳಿತ ಹೆಂಡತಿ, ಮುಂದೆ ಕುಳಿತ ಕೂಸು ಸಹ ಬೀಳುತ್ತಾರೆ. ಅವರು ಚೈನನ್ನು ನಂಬಿ ಕುಳಿತವರಲ್ಲ, ಅವನನ್ನು ನಂಬಿ ಕುಳಿತವರು.

ಈ ತಿಳಿವಳಿಕೆಯನ್ನು ನೀಡಲು ಶಾಲೆಗಿಂತ ಉತ್ತಮವಾದ ಸ್ಥಳವಿಲ್ಲ. ಇಂದಿನ ವಿದ್ಯಾರ್ಥಿಗೆ ಮೋಟಾರು ಸೈಕಲ್ಲು ನಡೆಸುವ ವಯಸ್ಸಿಲ್ಲವೆಂಬುದು ನಿಜ. ಆದರೆ ಅವನ ಬೈಸಿಕಲ್ಲಿನ ಚೈನಿನ ಕೀಲಂತರವೂ ಅದೇ 12.7 ಮಿಲಿಮೀಟರು; ಸವೆಯುವ ರೀತಿಯೂ ಅದೇ. ತಿಂಗಳಿಗೊಂದು ಶನಿವಾರ ಅಧ್ಯಾಪಕರು ತಮ್ಮ ವಾಹನಗಳ ಚೈನಿಗೆ ವಿದ್ಯಾರ್ಥಿಗಳೆದುರು ತಾವೇ ಎಣ್ಣೆ ಹಾಕಿದರೆ, ವಿದ್ಯಾರ್ಥಿಗಳು ತಮ್ಮ ಬೈಸಿಕಲ್ಲುಗಳಲ್ಲಿ ಅದನ್ನು ಅನುಸರಿಸಿದರೆ, ಅದು ವಿಜ್ಞಾನದ ಪಾಠವೂ ಹೌದು, ಗಣಿತದ ಪಾಠವೂ ಹೌದು. ಯಂತ್ರವಿದ್ಯೆಯಲ್ಲಿ ಪಳಗಿದ ಹಳೆಯ ವಿದ್ಯಾರ್ಥಿಗಳು ಬಂದು ಒಂದು ಗಂಟೆ ತೋರಿಸಿಕೊಡಬಹುದು. ದಾನಿಗಳಿಗೂ ಇದು ಹೊರೆಯಾಗದು: ಎರಡು ಬ್ರಷ್ಷು, ಒಂದಿಷ್ಟು ಹಳೆಯ ಬಟ್ಟೆ, ಒಂದು ಡಬ್ಬಿ ಎಣ್ಣೆ. ಇಷ್ಟರಿಂದ ಒಂದು ವರ್ಷದ ಪಾಠ ನಡೆಯುತ್ತದೆ.

ಹಳೆಯ ಬಂಡಿಕಾರನು ಯಂತ್ರಶಾಸ್ತ್ರವನ್ನು ಓದಿದವನಲ್ಲ. ಆದರೆ ಸದ್ದಾಗುವ ಮುನ್ನವೇ ಎಣ್ಣೆ ಹಾಕಬೇಕೆಂಬುದನ್ನು ಅರಿತಿದ್ದನು. ಓದಿದವರ ಮನೆಯ ವಾಹನಗಳಿಗೂ ಆ ಅರಿವು ಮರಳಿ ದೊರೆಯಲಿ.