ಮೂಕವಾದ ಬಾನುಲಿ

ನಮ್ಮ ಮಿತ್ರರೊಬ್ಬರಿಗೆ ತಂದೆಯಿಂದ ಬಂದ ಆಸ್ತಿಯೆಂದರೆ 1955ರ ಮಾರಿಸ್ ಮೈನರ್ ಕಾರು. ಅದರೊಳಗಿನ ವಾಲ್ವ್ ರೇಡಿಯೋ ಮೂಕವಾಗಿ ದಶಕಗಳೇ ಸಂದಿದ್ದವು. ಮೊನ್ನೆ ಅದನ್ನು ಕಿತ್ತು ಹೊಸದನ್ನು ಕೂರಿಸಹೊರಟರು. “ಒಂದು ಗಂಟೆಯ ಕೆಲಸ ಸ್ವಾಮಿ” ಎಂದನಂತೆ ರಿಪೇರಿಯವನು. ಹೊಸ ರೇಡಿಯೋ ಬದುಕಿದ್ದುದೂ ಅಷ್ಟೇ ಹೊತ್ತು! ಆ ಕಾಲದ ಮಾರಿಸ್ ಕಾರುಗಳಲ್ಲಿ ಬ್ಯಾಟರಿಯ ಧನಧ್ರುವವು ಕಾರಿನ ಒಡಲಿಗೆ ಕೂಡಿರುತ್ತದೆ. ಇಂದಿನ ರೇಡಿಯೋಗಳಿಗೆ ಋಣಧ್ರುವವು ಕೂಡಿರಬೇಕು. ಒಂದು ಕಿಡಿ, ಕೊಂಚ ಹೊಗೆ, ಕಥೆ ಮುಗಿಯಿತು.

ಆಗ ಹಳೆಯದರ ನೆನಪಾಯಿತು. ವಾಲ್ವುಗಳಿಗೆ ಸುಮಾರು 200 ವೋಲ್ಟ್ ಬೇಕು. ಬ್ಯಾಟರಿ ಕೊಡುವುದು 12. ಈ ಕೊರತೆಯನ್ನು ತುಂಬಲು ವೈಬ್ರೇಟರ್ ಎಂಬ ಪುಟ್ಟ ಕಂಪಕವು ಸೆಕೆಂಡಿಗೆ ನೂರು ಸಲ ಅದುರಿ ವಿದ್ಯುತ್ತನ್ನು ತುಂಡರಿಸುತ್ತದೆ. ಟ್ರಾನ್ಸ್‌ಫಾರ್ಮರು ಅದನ್ನು ಮೇಲಕ್ಕೇರಿಸುತ್ತದೆ. ಇವೆರಡರ ವೈರಿ, ಮುಪ್ಪಾದ ಮೇಣಗಾಗದದ ಕಂಡೆನ್ಸರು. ಅದನ್ನು ಬದಲಿಸದೆ ಗುಂಡಿ ತಿರುಗಿಸಿದರೆ ಟ್ರಾನ್ಸ್‌ಫಾರ್ಮರೇ ಸುಟ್ಟುಹೋದೀತು.

ಇದನ್ನೆಲ್ಲ ಬಲ್ಲ ವೃದ್ಧರೊಬ್ಬರನ್ನು ಮಿತ್ರರು ಹುಡುಕಿ ತಂದರು. ಬದಲಾದುವು ಕಂಡೆನ್ಸರುಗಳು ಮಾತ್ರ. ಮುಖ, ಗುಂಡಿ, ವಾಲ್ವು ಎಲ್ಲವೂ ಹಳೆಯವೇ.

ಭಾನುವಾರ ಗುಂಡಿ ತಿರುಗಿಸಿದರು. ಮೊದಲು ಕಂಪಕದ ಗುಂಯ್‌ಗುಟ್ಟುವಿಕೆಯಷ್ಟೇ. ಮಿತ್ರರ ಮುಖ ಬಾಡಿತು. ಹಿಂದಿನ ಸೀಟಿನಲ್ಲಿದ್ದ ವೃದ್ಧ ತಾಯಿ ಮೆಲ್ಲನೆ ಹೇಳಿದರು: “ಅವಸರಪಡಬೇಡ. ಅದು ಕಾಯಬೇಕು. ನಿಮ್ಮ ತಂದೆ ಗುಂಡಿ ತಿರುಗಿಸಿದ ಮೇಲೆಯೇ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.”

ಆಕೆಯ ಮಾತು ಮುಗಿಯುವುದರೊಳಗೆ ವಾರ್ತೆ ಕೇಳಿಸಿತು. ಯಾವ ವಾರ್ತೆಯೆಂದು ಯಾರೂ ಗಮನಿಸಲಿಲ್ಲ.